ಖನಿಜಗಳ ಗುರುತಿಸುವಿಕೆ ಮತ್ತು 2025ರ ಮರುವರ್ಗೀಕರಣ: ಅರ್ಜಿದಾರರು ತಿಳಿದಿರಬೇಕಾದ ಸಂಗತಿಗಳು

ಕೇಂದ್ರ ಗಣಿ ಸಚಿವಾಲಯವು 2025ರ ಫೆಬ್ರವರಿ 20ರಂದು ಹೊರಡಿಸಿದ ಅಧಿಸೂಚನೆಯ ಮೂಲಕ ಬೆರೈಟ್ಸ್, ಫೆಲ್ಸ್‌ಪಾರ್, ಅಭ್ರಕ ಹಾಗೂ ಕ್ವಾರ್ಟ್ಸ್ ಎಂಬ ನಾಲ್ಕು ಖನಿಜಗಳನ್ನು ಉಪಖನಿಜಗಳ ಪಟ್ಟಿಯಿಂದ ಮುಖ್ಯ ಖನಿಜಗಳ ವರ್ಗಕ್ಕೆ ವರ್ಗಾಯಿಸಿದೆ. ಇದೇ ನಾಲ್ಕು ಖನಿಜಗಳು 2015ರ ಫೆಬ್ರವರಿ 10ರ ಅಧಿಸೂಚನೆಯಲ್ಲಿ ಇತರ 27 ಖನಿಜಗಳೊಡನೆ ಉಪಖನಿಜಗಳೆಂದು ಘೋಷಿತವಾಗಿದ್ದವು. ಹತ್ತು ವರ್ಷಗಳ ಕಾಲ ರಾಜ್ಯದ ನಿಯಮಾವಳಿಯ ವ್ಯಾಪ್ತಿಯಲ್ಲಿದ್ದ ಈ ಖನಿಜಗಳು ಈಗ ಮರಳಿ ಕೇಂದ್ರದ ನಿಯಮಗಳ ವ್ಯಾಪ್ತಿಗೆ ಸೇರಿವೆ.

ಮೇಲ್ನೋಟಕ್ಕೆ ಇದು ಕಡತದಿಂದ ಕಡತಕ್ಕೆ ನಡೆದ ವರ್ಗಾವಣೆಯಂತೆ ತೋರಬಹುದು. ಆದರೆ ಕಲ್ಲು ಗಣಿಗಾರಿಕೆಗೆ ಅನುಮತಿ ಕೋರುವ ಸಾಮಾನ್ಯ ಅರ್ಜಿದಾರರಿಗೆ ಇದರ ಪರಿಣಾಮ ನೇರವಾದುದು. ಗಣಿ ಮತ್ತು ಖನಿಜಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1957ರ 15ನೇ ಪ್ರಕರಣದ ಪ್ರಕಾರ ಉಪಖನಿಜಗಳ ಬಗ್ಗೆ ನಿಯಮ ರೂಪಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ನಮ್ಮ ರಾಜ್ಯದಲ್ಲಿ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಾವಳಿ, 1994 ಇದಕ್ಕೆ ಅನ್ವಯಿಸುತ್ತದೆ. ಅಲ್ಲಿಯೂ ಹರಾಜು ಪದ್ಧತಿ ಇದೆಯಾದರೂ, ನಿಯಮಾವಳಿಯು ನಿರ್ದಿಷ್ಟಪಡಿಸಿದ ಕೆಲವು ಸಂದರ್ಭಗಳಲ್ಲಿ ಅರ್ಜಿಯ ಮೇಲೆ ಮಂಜೂರಾತಿಗೆ ಅವಕಾಶವಿದೆ. ಮುಖ್ಯ ಖನಿಜಗಳ ಗಣಿ ಗುತ್ತಿಗೆಯು 2015ರ ತಿದ್ದುಪಡಿಯ ನಂತರ ಹರಾಜಿನ ಮೂಲಕವೇ ದೊರೆಯಬೇಕು. ಹೀಗಾಗಿ ಜಮೀನಿನ ಬದುವಿನಲ್ಲಿ ಕಾಣುವ ಬಿಳಿಯ ಕಲ್ಲು ಕ್ವಾರ್ಟ್ಸ್ ಆಗಿದ್ದರೆ ಅರ್ಜಿಯ ದಾರಿ ಒಂದು, ಡಾಲಮೈಟ್ ಆಗಿದ್ದರೆ ಇನ್ನೊಂದು. ಕಲ್ಲಿನ ಹೆಸರನ್ನು ತಪ್ಪಾಗಿ ಬರೆದ ಅರ್ಜಿಯು ತಪ್ಪು ಲೆಕ್ಕಶೀರ್ಷಿಕೆಗೆ ಜಮೆಯಾದ ಹಣದಂತೆ. ಹಣ ಕಟ್ಟಿದ್ದು ನಿಜವಾದರೂ ಉದ್ದೇಶ ನೆರವೇರುವುದಿಲ್ಲ.

ಬದಲಾವಣೆಗೆ ಕಾರಣ

ನೀತಿ ಆಯೋಗದ ಸದಸ್ಯ ಡಾ. ವಿ.ಕೆ. ಸಾರಸ್ವತ್ ಅವರ ಅಧ್ಯಕ್ಷತೆಯ ಅಂತರ ಸಚಿವಾಲಯ ಸಮಿತಿಯ ಶಿಫಾರಸು ಈ ನಿರ್ಧಾರಕ್ಕೆ ಆಧಾರವಾಗಿದೆ. ಕ್ವಾರ್ಟ್ಸ್, ಫೆಲ್ಸ್‌ಪಾರ್ ಮತ್ತು ಅಭ್ರಕ ಈ ಮೂರೂ ಪೆಗ್ಮಟೈಟ್ ಎಂಬ ದಪ್ಪ ಹರಳಿನ ಶಿಲೆಯಲ್ಲಿ ಒಟ್ಟಾಗಿ ದೊರೆಯುತ್ತವೆ. ಭೂಗರ್ಭದ ಶಿಲಾಪಾಕವು ನಿಧಾನವಾಗಿ ತಣಿದು ಗಟ್ಟಿಯಾಗುವಾಗ, ಸಾಮಾನ್ಯ ಖನಿಜಗಳ ಹರಳುಗಳಲ್ಲಿ ಸೇರಲಾರದ ಲಿಥಿಯಂ, ಬೆರಿಲಿಯಂ, ನಿಯೋಬಿಯಂ, ಟ್ಯಾಂಟಲಂ ಮುಂತಾದ ಧಾತುಗಳು ಕೊನೆಯವರೆಗೂ ದ್ರವದಲ್ಲಿಯೇ ಉಳಿಯುತ್ತವೆ. ಆ ಕೊನೆಯ ದ್ರವವು ಬಂಡೆಯ ಬಿರುಕುಗಳನ್ನು ಹೊಕ್ಕು ಘನೀಭವಿಸಿದಾಗ ಪೆಗ್ಮಟೈಟ್ ಉಂಟಾಗುತ್ತದೆ. ಬ್ಯಾಟರಿ, ವಿದ್ಯುನ್ಮಾನ ಉಪಕರಣ, ಪರಮಾಣು ಶಕ್ತಿ ಹಾಗೂ ರಕ್ಷಣಾ ಕ್ಷೇತ್ರಗಳಿಗೆ ಬೇಕಾದ ನಿರ್ಣಾಯಕ ಖನಿಜಗಳು ಅಲ್ಲಿಯೇ ಅಡಗಿರುವ ಸಾಧ್ಯತೆ ಹೆಚ್ಚು. ಉಪಖನಿಜವೆಂದು ಗುತ್ತಿಗೆ ಪಡೆದವರು ತಮಗೆ ಬೇಕಾದ ಬಿಳಿಯ ಕಲ್ಲನ್ನು ಸಾಗಿಸಿ, ಜೊತೆಗಿದ್ದ ಖನಿಜವನ್ನು ಘೋಷಿಸದೆ, ಪ್ರತ್ಯೇಕಿಸದೆ ಬಿಡುತ್ತಿದ್ದರು ಎಂಬುದು ಕೇಂದ್ರದ ವಾದ. ಗುತ್ತಿಗೆಯಲ್ಲಿ ನಮೂದಾಗದ ಖನಿಜವನ್ನು ಹುಡುಕಲು ಸಣ್ಣ ಗುತ್ತಿಗೆದಾರರಿಗೆ ಲಾಭವೂ ಇರಲಿಲ್ಲ, ಸಾಧನವೂ ಇರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಇದು ಕರ್ನಾಟಕಕ್ಕೆ ದೂರದ ವಿಷಯವಲ್ಲ. ಮಂಡ್ಯ ಜಿಲ್ಲೆಯ ಮರಳಗಾಲ ಪ್ರದೇಶದ ಪೆಗ್ಮಟೈಟ್‌ಗಳಲ್ಲಿ 1,600 ಟನ್ ಲಿಥಿಯಂ ಸಂಪನ್ಮೂಲವಿರುವುದಾಗಿ ಪರಮಾಣು ಖನಿಜ ನಿರ್ದೇಶನಾಲಯವು ಅಂದಾಜಿಸಿರುವುದನ್ನು ಕೇಂದ್ರ ಸರ್ಕಾರವು 2023ರಲ್ಲಿ ಸಂಸತ್ತಿಗೆ ತಿಳಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯು ಲಿಥಿಯಂ, ಬೆರಿಲಿಯಂ, ನಿಯೋಬಿಯಂ, ಟ್ಯಾಂಟಲಂ, ಟೈಟಾನಿಯಂ ಮತ್ತು ಜಿರ್ಕೋನಿಯಂ ಖನಿಜಗಳನ್ನು ಪರಮಾಣು ಖನಿಜಗಳ ಪಟ್ಟಿಯಿಂದ ಹೊರತೆಗೆದು, 24 ನಿರ್ಣಾಯಕ ಖನಿಜಗಳ ಹರಾಜಿನ ಅಧಿಕಾರವನ್ನು ಕೇಂದ್ರಕ್ಕೆ ನೀಡಿತು. 2025ರ ಜನವರಿ 29ರಂದು ಕೇಂದ್ರ ಸಚಿವ ಸಂಪುಟವು 16,300 ಕೋಟಿ ರೂಪಾಯಿ ವೆಚ್ಚದ ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನಕ್ಕೆ ಅನುಮೋದನೆ ನೀಡಿತು. ನಾಲ್ಕು ಖನಿಜಗಳ ಮರುವರ್ಗೀಕರಣವು ಇದಾದ ಸುಮಾರು ಮೂರು ವಾರಗಳಲ್ಲಿಯೇ ಬಂದಿತು.

ಈಗಾಗಲೇ ಗುತ್ತಿಗೆ ಹೊಂದಿರುವವರು ಆತಂಕಪಡುವ ಅಗತ್ಯವಿಲ್ಲ. ಅವರ ಗುತ್ತಿಗೆಯ ಅವಧಿಯು ಮಂಜೂರಾದ ದಿನಾಂಕದಿಂದ 50 ವರ್ಷಗಳವರೆಗೆ ಅಥವಾ ನವೀಕರಣದ ಅವಧಿ ಮುಗಿಯುವವರೆಗೆ, ಇವುಗಳಲ್ಲಿ ಯಾವುದು ನಂತರವೋ ಅಲ್ಲಿಯವರೆಗೆ ವಿಸ್ತರಣೆಯಾಗುತ್ತದೆ. ಗಣಿಗಳಿಂದ ಬರುವ ಆದಾಯವೂ ಹಿಂದಿನಂತೆ ರಾಜ್ಯಕ್ಕೇ ಸೇರುತ್ತದೆ. ಬದಲಾವಣೆಗೆ ಹೊಂದಿಕೊಳ್ಳಲು ನೀಡಲಾಗಿದ್ದ ನಾಲ್ಕು ತಿಂಗಳ ಕಾಲಾವಕಾಶವು 2025ರ ಜೂನ್ 30ಕ್ಕೆ ಮುಗಿದಿದೆ.

ಆಡುಮಾತಿನ ಹೆಸರುಗಳ ತೊಡಕು

ಅರ್ಜಿಯಲ್ಲಿ ಖನಿಜದ ಹೆಸರು ಬರೆಯುವ ಅಂಕಣವು ಚಿಕ್ಕದು. ಅದರಲ್ಲಿ ಬೆಣಚುಕಲ್ಲು, ಸುಣ್ಣದಕಲ್ಲು, ಬಿಳಿಕಲ್ಲು, ಕಾಗೆಬಂಗಾರ, ಬಳಪದಕಲ್ಲು ಎಂಬ ಹೆಸರುಗಳನ್ನು ಬರೆಯುವುದು ಸಹಜ. ಇವು ಅರ್ಥಪೂರ್ಣವಾದ ಹಳೆಯ ಹೆಸರುಗಳೇ. ಬಳಪದಕಲ್ಲು ಎಂದರೆ ಉಗುರಿಗೂ ಗೀರು ಬೀಳುವ ಮೆದುಕಲ್ಲು. ಬೇಲೂರು ಹಳೇಬೀಡುಗಳ ಸೂಕ್ಷ್ಮ ಕೆತ್ತನೆ ಈ ಜಾತಿಯ ಕಲ್ಲಿನಲ್ಲಿಯೇ ಸಾಧ್ಯವಾಯಿತು. ಅದನ್ನು ಹೆಸರಿನಿಂದ ಗುರುತಿಸುವಲ್ಲಿ ತಪ್ಪಾಗುವುದು ಅಪರೂಪ, ಮತ್ತು ಅದು ಇಂದಿಗೂ ಉಪಖನಿಜ. ಆದರೆ ಬೆಣಚುಕಲ್ಲು ಎಂಬ ಹೆಸರು ಕ್ವಾರ್ಟ್ಸ್‌ಗೂ ಸಲ್ಲುತ್ತದೆ, ಕೆಲವೆಡೆ ಕ್ವಾರ್ಟ್ಸೈಟ್‌ಗೂ ಸಲ್ಲುತ್ತದೆ, ಬಿಳಿಯ ಫೆಲ್ಸ್‌ಪಾರ್‌ಗೂ ಸಲ್ಲುತ್ತದೆ. ಬಿಳಿಕಲ್ಲು ಎಂಬ ಹೆಸರಂತೂ ಕಾನೂನಿನ ದೃಷ್ಟಿಯಲ್ಲಿ ಏನನ್ನೂ ಹೇಳುವುದಿಲ್ಲ. ಕ್ವಾರ್ಟ್ಸ್, ಫೆಲ್ಸ್‌ಪಾರ್, ಕ್ಯಾಲ್ಸೈಟ್, ಡಾಲಮೈಟ್, ಮ್ಯಾಗ್ನೆಸೈಟ್, ಬೆರೈಟ್ಸ್, ಜಿಪ್ಸಂ ಇವೆಲ್ಲವೂ ಬಿಳಿಯಾಗಿರಬಲ್ಲವು. ಖನಿಜಶಾಸ್ತ್ರದಲ್ಲಿ ಬಣ್ಣವು ಎಲ್ಲಕ್ಕಿಂತ ಕಡಿಮೆ ನಂಬಿಕೆಗೆ ಅರ್ಹವಾದ ಸಾಕ್ಷಿ. ಅತ್ಯಲ್ಪ ಪ್ರಮಾಣದ ಕಬ್ಬಿಣದ ಅಂಶವು ಬಿಳಿಯ ಕಲ್ಲನ್ನು ಕೆಂಪಾಗಿಸುತ್ತದೆ.

ಕಾಠಿಣ್ಯ ಮತ್ತು ಸೀಳು

ಮೊದಲ ಪರೀಕ್ಷೆ ಕಾಠಿಣ್ಯದ್ದು. ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಮಾಪಕವು ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಟಾಲ್ಕ್ 1, ಜಿಪ್ಸಂ 2, ಕ್ಯಾಲ್ಸೈಟ್ 3, ಫೆಲ್ಸ್‌ಪಾರ್ 6, ಕ್ವಾರ್ಟ್ಸ್ 7, ವಜ್ರ 10. ಯಾವ ಕಲ್ಲು ಯಾವುದನ್ನು ಗೀರುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಕೈಬೆರಳಿನ ಉಗುರಿನ ಕಾಠಿಣ್ಯ ಸುಮಾರು 2.5, ಚಾಕುವಿನ ಉಕ್ಕು ಹಾಗೂ ಕಿಟಕಿಯ ಗಾಜು ಸುಮಾರು 5.5. ಹಳೆಯ ಪಠ್ಯಗಳಲ್ಲಿ ತಾಮ್ರದ ನಾಣ್ಯವನ್ನೂ ಸಾಧನವೆಂದು ಹೇಳಲಾಗಿದೆ. ಈಗಿನ ಒಂದು ಮತ್ತು ಎರಡು ರೂಪಾಯಿಯ ನಾಣ್ಯಗಳು ತುಕ್ಕು ಹಿಡಿಯದ ಉಕ್ಕಿನವಾದ್ದರಿಂದ ಆ ಸೂಚನೆಯನ್ನು ಕೈಬಿಡುವುದು ಒಳ್ಳೆಯದು.

ಚಾಕುವಿನಿಂದ ಗೀರು ಬಿದ್ದರೆ ಕಲ್ಲು ಕ್ಯಾಲ್ಸೈಟ್, ಡಾಲಮೈಟ್, ಬೆರೈಟ್ಸ್ ಮೊದಲಾದವುಗಳ ಗುಂಪಿಗೆ ಸೇರಿದ್ದು. ಬೀಳದಿದ್ದರೆ ಕ್ವಾರ್ಟ್ಸ್ ಅಥವಾ ಫೆಲ್ಸ್‌ಪಾರ್ ಇರಬಹುದು. ಇಲ್ಲಿ ಎರಡು ತಪ್ಪುಗಳು ಪದೇ ಪದೇ ಆಗುತ್ತವೆ. ಕ್ವಾರ್ಟ್ಸ್‌ನ ಮೇಲೆ ಚಾಕು ಎಳೆದಾಗ ಬೂದುಬಣ್ಣದ ಗೆರೆಯೊಂದು ಕಾಣುತ್ತದೆ. ಅದು ಕಲ್ಲಿಗೆ ಬಿದ್ದ ಗೀರಲ್ಲ, ಕಲ್ಲಿನ ಮೇಲೆ ಸವೆದು ಉಳಿದ ಉಕ್ಕು. ಒದ್ದೆ ಬೆರಳಿನಿಂದ ಉಜ್ಜಿದರೆ ಅಳಿಸಿಹೋಗುತ್ತದೆ. ಎರಡನೆಯದು, ಬಿಸಿಲು ಮಳೆಗೆ ತೆರೆದುಕೊಂಡ ಫೆಲ್ಸ್‌ಪಾರ್ ಕಾಲಕ್ರಮೇಣ ಕೇಯೊಲಿನ್ ಎಂಬ ಬಿಳಿಜೇಡಿಯಾಗಿ ಮಾರ್ಪಡುತ್ತದೆ. ಅಂತಹ ಕಲ್ಲಿನ ಹೊರಮೈ ಉಗುರಿಗೂ ಸೋಲುತ್ತದೆ. ಆದ್ದರಿಂದ ಯಾವ ಪರೀಕ್ಷೆಯನ್ನೂ ಕಲ್ಲಿನ ಹಳೆಯ ಮೈಮೇಲೆ ಮಾಡದೆ, ಒಡೆದು ಹೊಸದಾಗಿ ತೆರೆದ ಮೈಮೇಲೆಯೇ ಮಾಡಬೇಕು. ಒಡೆಯುವಾಗ ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಅವಶ್ಯ. ಕ್ವಾರ್ಟ್ಸ್‌ನ ಸೂಕ್ಷ್ಮ ಧೂಳು ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ ಗುಣವಾಗದ ಕಾಯಿಲೆಯನ್ನು ತರುತ್ತದೆ. ಒಂದೆರಡು ತುಂಡು ಒಡೆಯುವವರಿಗಿಂತ ಪುಡಿ ಮಾಡುವ ಘಟಕಗಳಲ್ಲಿ ವರ್ಷಗಟ್ಟಲೆ ದುಡಿಯುವ ಕಾರ್ಮಿಕರು ಇದಕ್ಕೆ ಹೆಚ್ಚು ತುತ್ತಾಗುತ್ತಾರೆ.

ಕ್ವಾರ್ಟ್ಸ್ ಮತ್ತು ಫೆಲ್ಸ್‌ಪಾರ್ ಎರಡೂ ಗಾಜನ್ನು ಗೀರುತ್ತವೆ. ಇವೆರಡನ್ನು ಬೇರ್ಪಡಿಸುವುದು ಒಡೆಯುವ ರೀತಿ. ಕ್ವಾರ್ಟ್ಸ್‌ಗೆ ಸೀಳುವ ಸಮತಲಗಳಿಲ್ಲ. ಅದು ಒಡೆದ ಗಾಜಿನ ಸೀಸೆಯಂತೆ, ಕಪ್ಪೆಚಿಪ್ಪಿನ ಒಳಮೈಯ ಹಾಗೆ ಬಾಗಿದ ಮೈಗಳನ್ನು ತೋರುತ್ತದೆ. ಫೆಲ್ಸ್‌ಪಾರ್ ಎರಡು ದಿಕ್ಕುಗಳಲ್ಲಿ, ಹೆಚ್ಚುಕಡಿಮೆ ಲಂಬಕೋನದಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಸೀಳುತ್ತದೆ. ಬಿಸಿಲಿನಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿದರೆ ಫೆಲ್ಸ್‌ಪಾರ್‌ನ ಸಮತಟ್ಟಾದ ಮೈಯೆಲ್ಲ ಒಮ್ಮೆಲೇ ಹೊಳೆದು, ಮತ್ತೆ ಒಮ್ಮೆಲೇ ಮಂಕಾಗುತ್ತದೆ. ಕ್ವಾರ್ಟ್ಸ್‌ನ ಹೊಳಪು ಎತ್ತ ತಿರುಗಿಸಿದರೂ ಚೂರುಚೂರಾಗಿಯೇ ಕಾಣುತ್ತದೆ. ಕ್ಷೇತ್ರದಲ್ಲಿ ಕೆಲಸ ಮಾಡುವ ಭೂವಿಜ್ಞಾನಿಗಳು ಎಲ್ಲಕ್ಕಿಂತ ಮೊದಲು ಮಾಡುವುದು ಇದನ್ನೇ.

ಅಭ್ರಕವನ್ನು ಗುರುತಿಸಲು ಇಷ್ಟು ಶ್ರಮ ಬೇಡ. ಕಾಗೆಬಂಗಾರವೆಂದು ಮಕ್ಕಳೂ ಬಲ್ಲ ಇದರ ಹಾಳೆಗಳನ್ನು ಉಗುರಿನಿಂದ ಬಿಡಿಸಬಹುದು. ಬಿಡಿಸಿದ ಹಾಳೆಯನ್ನು ಬಾಗಿಸಿ ಬಿಟ್ಟರೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಜಿಪ್ಸಂನ ಪಾರದರ್ಶಕ ಹಾಳೆಗಳು ಬಾಗಿದರೆ ಬಾಗಿದಂತೆಯೇ ಉಳಿಯುತ್ತವೆ.

ತೂಕ, ಒರೆ ಮತ್ತು ಆಮ್ಲ

ಬೆರೈಟ್ಸ್ ತನ್ನ ತೂಕದಿಂದಲೇ ತಿಳಿಯುತ್ತದೆ. ಲೋಹದ ಹೊಳಪಿಲ್ಲದ ಬಿಳಿಯ ಕಲ್ಲೊಂದು ಕೈಗೆ ಅನಿರೀಕ್ಷಿತ ಭಾರವೆನಿಸಿದರೆ ಅದನ್ನು ಅಳೆದು ನೋಡಬೇಕು. ಕಲ್ಲನ್ನು ಮೊದಲು ಗಾಳಿಯಲ್ಲಿ, ನಂತರ ದಾರಕ್ಕೆ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿ, ಗಾಳಿಯಲ್ಲಿನ ತೂಕವನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ದೊರೆಯುತ್ತದೆ. ಗಾಳಿಯಲ್ಲಿ 450 ಗ್ರಾಂ ತೂಗುವ ಕಲ್ಲು ನೀರಿನಲ್ಲಿ 350 ಗ್ರಾಂ ತೂಗಿದರೆ, ಕಡಿಮೆಯಾದದ್ದು 100 ಗ್ರಾಂ. ಸಾಪೇಕ್ಷ ಸಾಂದ್ರತೆ 4.5. ಇದು ಬೆರೈಟ್ಸ್‌ನ ಲಕ್ಷಣ. ಕ್ವಾರ್ಟ್ಸ್ 2.65, ಕ್ಯಾಲ್ಸೈಟ್ 2.71, ಡಾಲಮೈಟ್ ಸುಮಾರು 2.85. ತೈಲಬಾವಿ ಕೊರೆಯುವಾಗ ಕೆಸರಿನ ದ್ರವವನ್ನು ಭಾರಗೊಳಿಸಲು ಬೆರೈಟ್ಸ್ ಪುಡಿಯನ್ನು ಬಳಸುವುದೂ ಇದೇ ಗುಣದಿಂದ. ನೆರೆಯ ಆಂಧ್ರಪ್ರದೇಶದ ಮಂಗಂಪೇಟೆಯು ಈ ಖನಿಜಕ್ಕೆ ಜಗತ್ಪ್ರಸಿದ್ಧ. ಆದರೆ ಕ್ವಾರ್ಟ್ಸ್ ಮತ್ತು ಫೆಲ್ಸ್‌ಪಾರ್‌ಗಳ ನಡುವೆ ತೀರ್ಪು ನೀಡಲು ತೂಕದ ಪರೀಕ್ಷೆ ಉಪಯೋಗಕ್ಕೆ ಬಾರದು. ಎರಡರ ಅಂತರವು ಮನೆಯ ತಕ್ಕಡಿಯ ದೋಷದೊಳಗೇ ಮುಚ್ಚಿಹೋಗುತ್ತದೆ.

ಅಕ್ಕಸಾಲಿಗರು ಚಿನ್ನವನ್ನು ಒರೆಗಲ್ಲಿಗೆ ಉಜ್ಜುವಂತೆ ಖನಿಜವನ್ನು ಮೆರುಗಿಲ್ಲದ ಪಿಂಗಾಣಿ ಬಿಲ್ಲೆಗೆ ಉಜ್ಜಿ, ಉಳಿದ ಪುಡಿಯ ಬಣ್ಣವನ್ನು ನೋಡುವ ಕ್ರಮವಿದೆ. ನೆಲದ ಟೈಲ್ಸ್‌ನ ಹಿಂಬದಿಯೂ ಇದಕ್ಕೆ ಸಾಕು. ಬಳ್ಳಾರಿ ಸಂಡೂರು ಸೀಮೆಯ ಹೆಮಟೈಟ್ ಕಪ್ಪಾಗಿ ಹೊಳೆಯುತ್ತಿದ್ದರೂ ಒರೆಯಲ್ಲಿ ಕೆಂಗಂದು ಬಣ್ಣವನ್ನೇ ತೋರುತ್ತದೆ. ಮ್ಯಾಗ್ನಟೈಟ್ ಕಪ್ಪು ಒರೆ ನೀಡುತ್ತದೆ ಮತ್ತು ಅಯಸ್ಕಾಂತಕ್ಕೆ ಬಲವಾಗಿ ಅಂಟುತ್ತದೆ. ಚಿನ್ನವೆಂದು ಭ್ರಮೆ ಹುಟ್ಟಿಸುವ ಪೈರೈಟ್‌ನ ಒರೆ ಹಸಿರು ಮಿಶ್ರಿತ ಕಪ್ಪು. ಬಿಳಿಯ ಕಲ್ಲುಗಳ ವಿಷಯದಲ್ಲಿ ಮಾತ್ರ ಒರೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಎಲ್ಲದರ ಪುಡಿಯೂ ಬಿಳಿಯೇ.

ಚಾಕುವಿಗೆ ಗೀರು ಬಿದ್ದ ಬಿಳಿಯ ಕಲ್ಲುಗಳಿಗೆ ಆಮ್ಲದ ಪರೀಕ್ಷೆ ಮುಖ್ಯವಾದುದು. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿದ್ದೊಡನೆ ಕ್ಯಾಲ್ಸೈಟ್ ಹಾಗೂ ಸುಣ್ಣದಕಲ್ಲು ಬುಸುಬುಸನೆ ನೊರೆಯುಕ್ಕಿಸುತ್ತವೆ; ಹೊರಬರುವುದು ಇಂಗಾಲದ ಡೈಆಕ್ಸೈಡ್. ಡಾಲಮೈಟ್‌ನಲ್ಲಿ ಕ್ಯಾಲ್ಸಿಯಂ ಜೊತೆಗೆ ಮೆಗ್ನೀಸಿಯಂ ಇರುವುದರಿಂದ ಗಟ್ಟಿ ತುಂಡಿನ ಮೇಲೆ ತಣ್ಣನೆಯ ಆಮ್ಲ ಬಿದ್ದರೆ ಅದು ಹೆಚ್ಚುಕಡಿಮೆ ಮೌನವಾಗಿರುತ್ತದೆ. ಚಾಕುವಿನಿಂದ ಕೆರೆದು ಪುಡಿಯ ಮೇಲೆ ಹನಿಸಿದರೆ ನಿಧಾನವಾಗಿ ಗುಳ್ಳೆಗಳೇಳುತ್ತವೆ. ಮೈಸೂರು ಜಿಲ್ಲೆಯಲ್ಲಿ ದೊರೆಯುವ ಮ್ಯಾಗ್ನೆಸೈಟ್ ತಣ್ಣನೆಯ ಆಮ್ಲಕ್ಕೆ ಇನ್ನೂ ಕಡಿಮೆ ಸ್ಪಂದಿಸುತ್ತದೆ. ಬಿಸಿ ಮಾಡಿದ ಆಮ್ಲವೇ ಬೇಕು. ಈ ಒಂದು ಹನಿಯ ಹಿಂದೆ ಕಾನೂನಿನ ವ್ಯತ್ಯಾಸವಿದೆ: ಸುಣ್ಣದಕಲ್ಲು ಮತ್ತು ಮ್ಯಾಗ್ನೆಸೈಟ್ ಮುಖ್ಯ ಖನಿಜಗಳು, ಡಾಲಮೈಟ್ ಹಾಗೂ ಕ್ಯಾಲ್ಸೈಟ್ ಉಪಖನಿಜಗಳು. ಆಮ್ಲವನ್ನು ಶಾಲೆ ಅಥವಾ ಕಾಲೇಜಿನ ಪ್ರಯೋಗಶಾಲೆಯಲ್ಲಿ, ಬಲ್ಲವರ ಸಮ್ಮುಖದಲ್ಲಿ ಬಳಸುವುದು ಕ್ಷೇಮ. ಮನೆಯಲ್ಲಿ ನೋಡಲೇಬೇಕೆಂದರೆ ಕಲ್ಲಿನ ಪುಡಿಗೆ ನಿಂಬೆರಸ ಹಿಂಡಬಹುದು. ಸುಣ್ಣದಕಲ್ಲಿನ ಪುಡಿಯಾದರೆ ಸಣ್ಣಗೆ ನೊರೆ ಬರುತ್ತದೆ, ಆದರೆ ಡಾಲಮೈಟನ್ನು ಬೇರ್ಪಡಿಸುವ ಸಾಮರ್ಥ್ಯ ಅದಕ್ಕಿಲ್ಲ.

ದ್ರವ್ಯ ಒಂದೇ, ವರ್ಗ ಬೇರೆ

ಪರೀಕ್ಷೆಗಳಿಂದ ಖನಿಜವು ತಿಳಿದ ನಂತರವೂ ಗೊಂದಲ ಉಳಿಯುವ ಸಂದರ್ಭಗಳಿವೆ. ಗ್ರಾನೈಟ್ ಶಿಲೆಯಲ್ಲಿ ಇರುವುದು ಮುಖ್ಯವಾಗಿ ಕ್ವಾರ್ಟ್ಸ್, ಫೆಲ್ಸ್‌ಪಾರ್ ಮತ್ತು ಅಭ್ರಕ. ಮೂರೂ ಈಗ ಮುಖ್ಯ ಖನಿಜಗಳಾದರೂ, ಗ್ರಾನೈಟ್ ಅಲಂಕಾರಿಕ ಶಿಲೆಯಾಗಿ ಉಪಖನಿಜವಾಗಿಯೇ ಉಳಿದಿದೆ. ಅಲ್ಲಿ ಹರಳುಗಳು ಪರಸ್ಪರ ಹೆಣೆದುಕೊಂಡು ಒಂದೇ ಬಂಡೆಯಾಗಿವೆ, ಮಾರಾಟವಾಗುವುದೂ ಬಂಡೆಯೇ. ಪೆಗ್ಮಟೈಟ್‌ನಲ್ಲಿ ಹರಳುಗಳು ಅಂಗೈ ಅಗಲ, ಕೆಲವೊಮ್ಮೆ ಆಳೆತ್ತರವೂ ಇದ್ದು, ಒಂದೊಂದು ಖನಿಜವನ್ನು ಪ್ರತ್ಯೇಕವಾಗಿ ಆರಿಸಿ ತೆಗೆಯಬಹುದು. ಪ್ರಾಸಂಗಿಕವಾಗಿ ಹೇಳುವುದಾದರೆ, ಅಡುಗೆಮನೆಯ ಕಟ್ಟೆಗೆ ಹಾಸುವ ಅಚ್ಚಕಪ್ಪು ಗ್ರಾನೈಟ್ ಭೂವಿಜ್ಞಾನದ ಪ್ರಕಾರ ಗ್ರಾನೈಟೇ ಅಲ್ಲ. ಅದು ಬಹುಪಾಲು ಡಾಲರೈಟ್ ಶಿಲೆ. ವ್ಯಾಪಾರದ ಹೆಸರು, ಶಾಸ್ತ್ರದ ಹೆಸರು, ಕಾನೂನಿನ ಹೆಸರು ಮೂರೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ.

ಸುಣ್ಣದಕಲ್ಲಿನ ವಿಷಯದಲ್ಲಿ 2025ರವರೆಗೆ ಉಪಯೋಗವೇ ವರ್ಗವನ್ನು ಬದಲಿಸುತ್ತಿತ್ತು. ಸಿಮೆಂಟ್ ಕಾರ್ಖಾನೆಗೆ ಹೋಗುವ ಸುಣ್ಣದಕಲ್ಲು ಮುಖ್ಯ ಖನಿಜ. ಕಟ್ಟಡದ ಸುಣ್ಣ ತಯಾರಿಸುವ ಭಟ್ಟಿಗೆ ಹೋಗುವ ಸುಣ್ಣದಕಲ್ಲು ಆಗ ಉಪಖನಿಜವಾಗಿತ್ತು. ನೆಲಹಾಸಿಗೆ ಬಳಸುವ ಶಹಾಬಾದ್ ಕಲ್ಲು ಸಹ ಸುಣ್ಣದಕಲ್ಲೇ ಆಗಿದ್ದು, ಆಮ್ಲಕ್ಕೆ ನೊರೆಯುಕ್ಕಿಸುತ್ತದೆ; ಅದನ್ನು ಕಟ್ಟಡದ ಕಲ್ಲಾಗಿ ಉಪಖನಿಜಗಳ ಸಾಲಿನಲ್ಲಿ ಪರಿಗಣಿಸಲಾಗುತ್ತದೆ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಕ್ವಾರ್ಟ್ಸ್ ಮತ್ತು ಕ್ವಾರ್ಟ್ಸೈಟ್‌ಗಳದು. 2025ರ ಅಧಿಸೂಚನೆಯು ಕ್ವಾರ್ಟ್ಸನ್ನು ಮಾತ್ರ ಮುಖ್ಯ ಖನಿಜವಾಗಿಸಿತು; ಕ್ವಾರ್ಟ್ಸೈಟ್ ಮತ್ತು ಸಿಲಿಕಾ ಮರಳು 2015ರ ಪಟ್ಟಿಯಲ್ಲಿದ್ದಂತೆ ಉಪಖನಿಜಗಳಾಗಿಯೇ ಉಳಿದಿವೆ. ಮೂರರ ರಾಸಾಯನಿಕ ದ್ರವ್ಯ ಒಂದೇ, ಸಿಲಿಕಾನ್ ಡೈಆಕ್ಸೈಡ್. ಕಾಠಿಣ್ಯವೂ ಒಂದೇ, ತೂಕವೂ ಒಂದೇ. ಆಮ್ಲಕ್ಕೆ ಮೂರೂ ಸ್ಪಂದಿಸುವುದಿಲ್ಲ. ಪ್ರಾಚೀನ ಮರಳುಗಲ್ಲು ಶಾಖ ಮತ್ತು ಒತ್ತಡಕ್ಕೆ ಸಿಲುಕಿ ಮರುಹರಳಾದಾಗ ಕ್ವಾರ್ಟ್ಸೈಟ್ ಶಿಲೆಯಾಗುತ್ತದೆ. ಒಡೆದ ಮೈಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಕ್ಕರೆಯ ಅಚ್ಚಿನಂತೆ ಕಣಕಣ ಕಾಣುತ್ತದೆ. ಕ್ಷೇತ್ರದಲ್ಲಿ ಅದು ಪದರಗಳಾಗಿ ದೂರದವರೆಗೆ ಹರಡಿರುತ್ತದೆ. ಕ್ವಾರ್ಟ್ಸ್ ಬಹುಮಟ್ಟಿಗೆ ಇತರ ಶಿಲೆಯನ್ನು ಸೀಳಿಕೊಂಡು ಹೋಗುವ ಎಳೆಯಾಗಿ ಅಥವಾ ಪೆಗ್ಮಟೈಟ್‌ನ ನಡುಭಾಗವಾಗಿ ಇರುತ್ತದೆ, ಕಣಗಳು ಕಾಣದ ಗಾಜಿನ ಮೈಯುಳ್ಳದ್ದು.

ಇದರಿಂದ ಒಂದು ವ್ಯಾವಹಾರಿಕ ತೊಂದರೆ ಉದ್ಭವಿಸುತ್ತದೆ. ಅರ್ಜಿದಾರರು ಸಾಮಾನ್ಯವಾಗಿ ಪ್ರಯೋಗಾಲಯದಿಂದ ರಾಸಾಯನಿಕ ವಿಶ್ಲೇಷಣೆಯ ವರದಿಯನ್ನು ತರುತ್ತಾರೆ. ಸಿಲಿಕಾ ಶೇ. 98 ಎಂಬ ವರದಿಯು ಕಲ್ಲು ಶುದ್ಧವೆಂದು ಹೇಳುತ್ತದೆಯೇ ಹೊರತು, ಅದು ಕ್ವಾರ್ಟ್ಸೋ ಕ್ವಾರ್ಟ್ಸೈಟೋ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಕಲ್ಲನ್ನು ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿದ ಶಿಲಾವಿಜ್ಞಾನದ ವರದಿ ಮತ್ತು ಕಲ್ಲು ದೊರೆತ ಸ್ಥಳದ ವಿವರ ಬೇಕು. ಹಣ ತೆತ್ತು ಪಡೆದ ವರದಿಯು ಕೇಳದ ಪ್ರಶ್ನೆಗೆ ಉತ್ತರ ನೀಡಿದಂತಾಗಬಾರದು ಎಂದರೆ, ಪ್ರಯೋಗಾಲಯಕ್ಕೆ ಹೋಗುವ ಮುನ್ನವೇ ಪ್ರಶ್ನೆ ಯಾವುದೆಂದು ನಿಶ್ಚಯಿಸಿಕೊಳ್ಳುವುದು ಅಗತ್ಯ.

ಕಣ್ಣಿಗೆ ಕಾಣದ ಲಿಥಿಯಂ

ಮರುವರ್ಗೀಕರಣಕ್ಕೆ ಕಾರಣವಾದ ನಿರ್ಣಾಯಕ ಖನಿಜಗಳು ಈ ಸರಳ ಪರೀಕ್ಷೆಗಳಿಗೆ ಸುಲಭವಾಗಿ ಸಿಗುವುದಿಲ್ಲ. ಲಿಥಿಯಂನ ಮುಖ್ಯ ಅದಿರಾದ ಸ್ಪೋಡುಮೀನ್ ಬಿಳಿ, ಬೂದು ಅಥವಾ ತೆಳುಹಸಿರು ಬಣ್ಣದ್ದು. ಕಾಠಿಣ್ಯ 6.5ರಿಂದ 7. ಫೆಲ್ಸ್‌ಪಾರ್‌ನಂತೆಯೇ ಲಂಬಕೋನಕ್ಕೆ ಸಮೀಪವಾದ ಎರಡು ಸೀಳುಗಳಿವೆ. ಅನುಭವವಿಲ್ಲದವರು ಅದನ್ನು ಫೆಲ್ಸ್‌ಪಾರ್ ಎಂದೇ ಬರೆಯುತ್ತಾರೆ, ಹಾಗೆಂದೇ ಪಿಂಗಾಣಿ ಕಾರ್ಖಾನೆಗೆ ಸಾಗಿಸಲೂಬಹುದು. ಸುಳಿವು ನೀಡುವುದು ತೂಕ: ಫೆಲ್ಸ್‌ಪಾರ್‌ನ ಸಾಪೇಕ್ಷ ಸಾಂದ್ರತೆ ಸುಮಾರು 2.6 ಇದ್ದರೆ ಸ್ಪೋಡುಮೀನ್‌ನದು 3.1ರಿಂದ 3.2. ಉದ್ದನೆಯ ಪಟ್ಟಿಗಳಂತೆ ಬೆಳೆಯುವುದು ಅದರ ಇನ್ನೊಂದು ಲಕ್ಷಣ. ಲೆಪಿಡೊಲೈಟ್ ಎಂಬ ಲಿಥಿಯಂ ಅಭ್ರಕವು ಹಲವೆಡೆ ತೆಳುನೇರಳೆ ಬಣ್ಣವನ್ನು ತಳೆದಿರುತ್ತದೆ. ಆ ಬಣ್ಣಕ್ಕೆ ಕಾರಣ ಮ್ಯಾಂಗನೀಸ್, ಲಿಥಿಯಂ ಅಲ್ಲ. ಆದ್ದರಿಂದ ನೇರಳೆ ಬಣ್ಣವಿಲ್ಲವೆಂದ ಮಾತ್ರಕ್ಕೆ ಲಿಥಿಯಂ ಇಲ್ಲವೆಂದು ಹೇಳಲಾಗದು.

ಜ್ವಾಲೆಯ ಪರೀಕ್ಷೆಯಲ್ಲಿ ಲಿಥಿಯಂ ಕಡುಗೆಂಪು ಬಣ್ಣ ನೀಡುತ್ತದೆ. ಆದರೆ ಫೆಲ್ಸ್‌ಪಾರ್‌ನಲ್ಲಿರುವ ಸೋಡಿಯಂನ ಹಳದಿ ಜ್ವಾಲೆಯು ಆ ಕೆಂಪನ್ನು ಮರೆಮಾಡುವುದುಂಟು, ಬೆವರಿದ ಕೈಯ ಉಪ್ಪೂ ಅದೇ ಹಳದಿಯನ್ನು ತೋರಬಲ್ಲದು. ಹೀಗಾಗಿ ಪೆಗ್ಮಟೈಟ್ ಇರುವ ಜಾಗದಲ್ಲಿ ಸಂದೇಹ ಉಂಟಾದರೆ ಉಪಕರಣಗಳ ಮೂಲಕ ನಡೆಸಿದ ವಿಶ್ಲೇಷಣೆಯ ಹೊರತು ಬೇರೆ ದಾರಿಯಿಲ್ಲ. ಅಲ್ಲಿಯೂ ಒಂದು ಎಚ್ಚರಿಕೆ ಬೇಕು. ಬಂದೂಕಿನ ಆಕಾರದ, ಕೈಯಲ್ಲಿ ಹಿಡಿದು ಬಳಸುವ ಎಕ್ಸ್‌ಕಿರಣ ಮಾಪಕಗಳು ಲಿಥಿಯಂನಂತಹ ಹಗುರ ಧಾತುಗಳನ್ನು ಗ್ರಹಿಸಲಾರವು. ಅಂತಹ ಮಾಪಕದ ವರದಿಯಲ್ಲಿ ಲಿಥಿಯಂ ಕಾಣದಿರುವುದು ಲಿಥಿಯಂ ಇಲ್ಲದಿರುವುದಕ್ಕೆ ಪುರಾವೆಯಲ್ಲ.

ಗುತ್ತಿಗೆದಾರರು ಇಂತಹ ಖನಿಜವನ್ನು ಘೋಷಿಸಲು ಹಿಂಜರಿಯುತ್ತಿದ್ದುದಕ್ಕೆ ಪರಿಹಾರವಾಗಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಧಿನಿಯಮಕ್ಕೆ ಮತ್ತೊಂದು ತಿದ್ದುಪಡಿಯನ್ನು ಅಂಗೀಕರಿಸಿತು. ಅದರಂತೆ ಗಣಿ ಗುತ್ತಿಗೆದಾರರು ತಮ್ಮ ಗುತ್ತಿಗೆ ಪ್ರದೇಶದಲ್ಲಿ ಕಂಡುಬಂದ ಇತರ ಖನಿಜವನ್ನು ಗುತ್ತಿಗೆಗೆ ಸೇರಿಸುವಂತೆ ರಾಜ್ಯ ಸರ್ಕಾರವನ್ನು ಕೋರಬಹುದು. ನಿರ್ಣಾಯಕ ಖನಿಜಗಳಾದರೆ ಸೇರ್ಪಡೆಗಾಗಿ ಹೆಚ್ಚುವರಿ ಮೊತ್ತ ತೆರಬೇಕಾಗಿಲ್ಲ. ಹತ್ತು ವರ್ಷಗಳ ಕಾಲ ಮುಚ್ಚಿಟ್ಟದ್ದು ಲಾಭವಾಗಿದ್ದ ಸ್ಥಿತಿಯನ್ನು ತಿಳಿಸಿದರೆ ಲಾಭ ಎಂಬಂತೆ ಬದಲಿಸುವ ಪ್ರಯತ್ನವಿದು. ಇದು ಸಣ್ಣ ಗುತ್ತಿಗೆದಾರರವರೆಗೆ ತಲುಪುವುದೇ ಎಂಬುದು ವಿಶ್ಲೇಷಣೆಯ ವೆಚ್ಚವನ್ನು ಅವರು ಭರಿಸಬಲ್ಲರೇ ಎಂಬುದರ ಮೇಲೆ ಬಹುಮಟ್ಟಿಗೆ ಅವಲಂಬಿಸಿದೆ.

ಮಾದರಿ ಸಂಗ್ರಹ ಮತ್ತು ಅರ್ಜಿ

ಪರೀಕ್ಷೆಗೆ ನೆಲದ ಮೇಲೆ ಬಿದ್ದಿರುವ ಅಂಗೈ ಗಾತ್ರದ ಕೆಲವು ತುಂಡುಗಳು ಸಾಕು. ಮಾದರಿಯ ನೆಪದಲ್ಲಿ ಗುಂಡಿ ತೋಡುವುದು, ಕಲ್ಲು ಸಾಗಿಸುವುದು ಅಧಿನಿಯಮದ 4ನೇ ಪ್ರಕರಣದ ಉಲ್ಲಂಘನೆಯಾಗುತ್ತದೆ. 21ನೇ ಪ್ರಕರಣದಂತೆ ಇದಕ್ಕೆ ಐದು ವರ್ಷಗಳವರೆಗೆ ಸೆರೆವಾಸ ಮತ್ತು ಪ್ರತಿ ಹೆಕ್ಟೇರಿಗೆ ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾಗಿದೆ. ಜಮೀನು ಸ್ವಂತದ್ದು ಎಂಬ ಕಾರಣವು ಈ ವಿಷಯದಲ್ಲಿ ರಕ್ಷಣೆ ನೀಡದು.

ಹೊರಮೈ ಹಳತಾದ ತುಂಡಿನ ಜೊತೆಗೆ ಒಳಗಿನ ತಾಜಾ ತುಂಡನ್ನೂ ಇಟ್ಟು, ಪ್ರತಿಯೊಂದನ್ನೂ ಪ್ರತ್ಯೇಕ ಚೀಲದಲ್ಲಿ ಹಾಕಿ, ಸರ್ವೆ ನಂಬರ್, ಗ್ರಾಮ, ದಿನಾಂಕ ಮತ್ತು ಕಲ್ಲು ಎಳೆಯಾಗಿತ್ತೋ ಪದರವಾಗಿತ್ತೋ ಬಿಡಿಗಲ್ಲಾಗಿತ್ತೋ ಎಂಬ ಒಂದು ಸಾಲಿನ ಟಿಪ್ಪಣಿಯನ್ನು ಚೀಟಿಯಲ್ಲಿ ಬರೆದಿಡುವುದು ಉಪಯುಕ್ತ. ಚೆನ್ನಾಗಿ ಹೊಳೆಯುವ ತುಂಡುಗಳನ್ನೇ ಆರಿಸಿ ತರುವುದರಿಂದ ವರದಿ ಆಕರ್ಷಕವಾಗುತ್ತದೆ, ಆದರೆ ಸ್ಥಳ ಪರಿಶೀಲನೆಯ ವೇಳೆ ಅದಕ್ಕೆ ತಾಳೆಯಾಗುವ ಕಲ್ಲು ಸಿಗದೆ ಅರ್ಜಿ ಹಿಂದಿರುಗುತ್ತದೆ. ಅರ್ಜಿಯ ಅಂಕಣದಲ್ಲಿ ಆಡುಮಾತಿನ ಹೆಸರಿನ ಜೊತೆಗೆ ವರದಿಯಲ್ಲಿರುವ ಖನಿಜದ ಹೆಸರನ್ನೂ, ಉದ್ದೇಶಿತ ಉಪಯೋಗವನ್ನೂ ನಮೂದಿಸತಕ್ಕದ್ದು. ಹೆಸರು ಇನ್ನೂ ಖಚಿತವಾಗದಿದ್ದಲ್ಲಿ ಊಹಿಸಿ ಬರೆಯುವ ಬದಲು, ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಯಲ್ಲಿರುವ ಭೂವಿಜ್ಞಾನಿಗಳಿಗೆ ಮಾದರಿಯನ್ನು ತೋರಿಸಿ, ಯಾವ ಬಗೆಯ ವರದಿ ಬೇಕೆಂಬುದನ್ನು ಶುಲ್ಕ ಪಾವತಿಸುವ ಮೊದಲೇ ಕೇಳಿ ತಿಳಿಯಬಹುದಾಗಿದೆ.